ಮೂಲೆ ಶಾಲೆಯ ಕಣ್ಣಿನ ಪರೀಕ್ಷೆ

ನಮ್ಮ ಅಡುಗೆಮನೆ ಕಿಟಕಿ ತೆಗೆದರೆ ಎದುರಿಗೇ ಶಾಲೆ. ರಸ್ತೆಯ ತಿರುವಿನಲ್ಲಿರುವುದರಿಂದ ಎಲ್ಲರೂ ಅದನ್ನು ಮೂಲೆ ಶಾಲೆ ಅನ್ನುತ್ತಾರೆ. ಒಲೆಯ ಮೇಲೆ ಹಾಲಿಟ್ಟು ಮಗಳನ್ನು ಬಿಟ್ಟು ಬಂದರೂ ಹಾಲು ಉಕ್ಕುವುದಿಲ್ಲ, ಅಷ್ಟು ಹತ್ತಿರ. ಆದರೂ ಆ ವಾರ ನಾವು ಗಂಡ ಹೆಂಡತಿ ಮಾತಾಡಿದ್ದೆಲ್ಲ ಅದರ ವಿಷಯ, ಮಾತು ಬಿಟ್ಟು ಮುಖ ತಿರುಗಿಸಿಕೊಂಡು ಕೂತಿದ್ದೂ ಅದರ ವಿಷಯಕ್ಕೇ.

ತಕರಾರು ಇಷ್ಟು. ಆ ಶಾಲೆಯಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ, ಆದರೆ ಬರುವ ಮಕ್ಕಳಲ್ಲಿ ಮುಕ್ಕಾಲು ಪಾಲಿಗೆ ಇಂಗ್ಲಿಷೇ ಬಾರದು. ಎಲ್ಲೆಲ್ಲಿಂದಲೋ ಕೆಲಸ ಹುಡುಕಿಕೊಂಡು ಬಂದವರ ಮಕ್ಕಳು, ಒಂದೊಂದು ಮನೆಯಲ್ಲಿ ಒಂದೊಂದು ಮಾತು. ಆಟದ ಬೆಲ್ ಹೊಡೆದಾಗ ನಮ್ಮ ಕಿಟಕಿಯವರೆಗೂ ಬರುವ ಗಲಾಟೆಯಲ್ಲಿ ನನಗೆ ಅರ್ಥವಾಗುವುದು ಅಳು ಮತ್ತು ನಗು ಎರಡೇ. ನಮ್ಮ ಮಗಳಿಗೋ ಆರು ವರ್ಷಕ್ಕೇ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ಮನೆಮಾತೂ ಅಷ್ಟೇ. ಎದ್ದಾಗಿನಿಂದ ಮಲಗುವವರೆಗೆ ಅವಳ ಬಾಯಿಗೆ ಬಿಡುವಿಲ್ಲ. ಅದಕ್ಕೇ ಅವಳಿಗೆ ರೇಡಿಯೋ ಎಂದು ಹೆಸರಾಗಿಹೋಗಿದೆ. ನಿಜವಾದ ಹೆಸರು ಕರೆದರೆ ಅವಳೇ ಯಾರನ್ನು ಕರೆದರು ಎಂದು ಹಿಂದೆ ತಿರುಗಿ ನೋಡುತ್ತಾಳೆ.

ಇನ್ನೊಂದು ಶಾಲೆ ಊರಾಚೆ ಗುಡ್ಡದ ಮೇಲಿದೆ. ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಅಲ್ಲಿನ ಮಕ್ಕಳೆಲ್ಲ ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲೇ ಅತ್ತವರು. ಹೋದ ತಿಂಗಳು ರೇಡಿಯೋವನ್ನು ಕರೆಸಿ ಮಾತಾಡಿಸಿದ್ದರು. ಅವಳು ಎಂದಿನಂತೆ ಶುರುಹಚ್ಚಿಕೊಂಡಳು. ಆ ಶಾಲೆಯ ನಲ್ಲಿ ಸೋರುವುದರಿಂದ ಹಿಡಿದು ನಮ್ಮ ಮನೆಯ ಜಗಳದವರೆಗೆ ಎಲ್ಲ ಹೇಳಿದಳು. ಮೂವರು ಟೀಚರುಗಳು ನಕ್ಕು ನಕ್ಕು ಕಣ್ಣೊರೆಸಿಕೊಂಡು ಅಲ್ಲೇ ಸೀಟು ಕೊಟ್ಟರು. ಸೇರಿಸುತ್ತೀರೋ ಇಲ್ಲವೋ, ಶುಕ್ರವಾರ ಸಂಜೆಯೊಳಗೆ ತಿಳಿಸಿ ಅಂದರು.

ನನ್ನ ಗಂಡ ಕನ್ನಡಕದ ಅಂಗಡಿಯಲ್ಲಿ ಕಣ್ಣಿನ ನಂಬರ್ ನೋಡುವವರು. ಲೆನ್ಸ್ ಉಜ್ಜುವುದು, ಫ್ರೇಮಿಗೆ ಕೂರಿಸುವುದು ಎಲ್ಲ ಅವರೇ. ನಾನು ಡ್ರೈವಿಂಗ್ ಹೇಳಿಕೊಡುತ್ತೇನೆ. ದಿನವಿಡೀ ಹೆದರಿದವರ ಪಕ್ಕ ಕೂತು ಹೆದರಿಕೆಯಿಲ್ಲದವಳ ಹಾಗೆ ಮುಖ ಇಟ್ಟುಕೊಳ್ಳುವುದು ನನ್ನ ಕಸುಬು. ಅದರಿಂದ ಒಂದು ಅನುಕೂಲವಾಗಿದೆ. ಮನೆಯಲ್ಲಿ ಯಾರು ಕೂಗಾಡಿದರೂ ನನ್ನ ಮುಖ ಬದಲಾಗುವುದಿಲ್ಲ.

ಸೋಮವಾರ ನನ್ನ ಗಂಡನ ಅಕ್ಕ ಫೋನ್ ಮಾಡಿದರು. ಅವರ ಎರಡು ಮಕ್ಕಳೂ ಗುಡ್ಡದ ಶಾಲೆಯವರೇ.

"ಏನೋ, ಇನ್ನೂ ಹೇಳಿಲ್ವಂತೆ ಸ್ಕೂಲಿಗೆ? ಅಲ್ಲಿ ಸೀಟಿಗೆ ಜನ ಮುಗಿಬೀಳ್ತಾರೆ. ನಿಮಗೆ ಅವರಾಗೇ ಕೊಟ್ಟಿದ್ದಾರೆ."

"ಹೇಳ್ತೀನಿ ಅಕ್ಕ. ಇವಳು ಸ್ವಲ್ಪ..." ಎಂದು ಇವರು ನನ್ನ ಕಡೆ ನೋಡಿದರು.

"ಇವಳು ಅಂದ್ರೆ? ಫೋನ್ ಕೊಡು. ಏನಮ್ಮಾ, ಎದುರುಗಡೆ ಇದೆ ಅಂತ ಸ್ಕೂಲಿಗೆ ಹಾಕೋಕಾಗುತ್ತಾ? ಎದುರುಗಡೆ ಕಟಿಂಗ್ ಶಾಪೂ ಇದೆಯಲ್ಲ."

"ಕಟಿಂಗ್ ಅಲ್ಲೇ ಮಾಡಿಸ್ತೀವಿ ಅತ್ತಿಗೆ. ಚೆನ್ನಾಗೇ ಮಾಡ್ತಾನೆ" ಅಂದೆ.

ಅತ್ತಿಗೆ ನಕ್ಕರು. ನಗುವ ಗುಣ ಇರುವುದರಿಂದಲೇ ಅವರನ್ನು ಸಹಿಸಬಹುದು. "ತಮಾಷೆ ಸಾಕು. ಮಗು ಕಲಿತಿರೋದನ್ನೂ ಮರೆತು ಬರುತ್ತೆ. ಸುತ್ತ ಮಾತಾಡೋರೇ ಇಲ್ಲ ಅಂದ್ರೆ ಯಾರ ಹತ್ರ ಕಲೀತಾಳೆ?"

ಫೋನಿಟ್ಟ ಮೇಲೆ ಇವರೂ ಅದನ್ನೇ ಹಿಡಿದರು. ಹೇಳುವುದಾದರೆ, ಅವರ ಮಾತಿನಲ್ಲಿ ಹುರುಳಿರಲಿಲ್ಲ ಅಂತಲ್ಲ. ನನಗೂ ಒಳಗೊಳಗೇ ಅಳುಕಿತ್ತು. ಮೂವತ್ತು ಮಕ್ಕಳಿಗೆ ಬಾಗಿಲು, ಕಿಟಕಿ, ಬೆಕ್ಕು ಎಂದು ಹೇಳಿಕೊಡುತ್ತಾ ಕೂತರೆ ನಮ್ಮವಳು ಅಷ್ಟು ಹೊತ್ತು ಏನು ಮಾಡಬೇಕು? ಆದರೆ ಆರು ವರ್ಷದ ಮಗು ಕತ್ತಲಲ್ಲೇ ಎದ್ದು ಎರಡು ಬಸ್ಸು ಹತ್ತುವುದೂ ನನ್ನ ಕಣ್ಣ ಮುಂದೆ ಬರುತ್ತಿತ್ತು.

"ಕೇಳಿದ್ದು ಬಿಡಿ. ಒಳಗೆ ಹೋಗಿ ನೋಡೋಣ" ಅಂದೆ.

"ಹಾಗೆಲ್ಲ ನೋಡೋಕೆ ಹೋದ್ರೆ ಒಳ್ಳೆ ಮಕ್ಕಳನ್ನ ಮುಂದೆ ಕೂರಿಸಿ ತೋರಿಸ್ತಾರೆ. ನಮ್ಮಂಗಡೀಲಿ ಶೋಕೇಸಿನ ಫ್ರೇಮ್ ಇದ್ದ ಹಾಗೆ" ಅಂದರು. ಆಮೇಲೆ ಇದ್ದಕ್ಕಿದ್ದ ಹಾಗೆ ಎದ್ದು ಕೂತರು. "ಲೇ, ನಾನು ಕಣ್ಣು ಪರೀಕ್ಷೆ ಮಾಡ್ತೀನಿ ಅಂತ ಹೋದ್ರೆ? ಎಲ್ಲಾ ಮಕ್ಕಳೂ ಒಬ್ಬೊಬ್ಬರಾಗಿ ನನ್ನ ಮುಂದೆ ನಿಂತು ಇಂಗ್ಲಿಷ್ ಅಕ್ಷರ ಓದಲೇಬೇಕು. ಕಣ್ಣೂ ನೋಡಿದ ಹಾಗಾಯ್ತು, ಬಾಯೂ ನೋಡಿದ ಹಾಗಾಯ್ತು."

ಇಂಥ ಉಪಾಯ ಹೊಳೆದಾಗ ಅವರಿಗೆ ಹತ್ತು ವರ್ಷ ಕಡಿಮೆಯಾಗುತ್ತದೆ. ನನಗೂ ಖುಷಿಯಾಯಿತು. ಹೇಗೂ ಒಂದು ದಾರಿ ಸಿಕ್ಕಿತಲ್ಲ.

ಶಾಲೆಯವರನ್ನು ಒಪ್ಪಿಸುವುದು ನನ್ನ ಪಾಲಿಗೆ ಬಂತು. ಅದು ಕಷ್ಟವಿರಲಿಲ್ಲ, ಏಕೆಂದರೆ ಮೂಲೆ ಶಾಲೆಯ ಹೆಡ್ ಮೇಡಂ ನನ್ನ ಹತ್ತಿರವೇ ಡ್ರೈವಿಂಗ್ ಕಲಿಯುತ್ತಿದ್ದರು. ವಯಸ್ಸು ಐವತ್ತು ದಾಟಿದೆ, ಎರಡು ಸಲ ಫೇಲಾಗಿದ್ದಾರೆ. ಕೈ ಕಾಲು ಸರಿಯಾಗೇ ಇವೆ. ತೊಂದರೆ ಏನೆಂದರೆ, ದಾರಿಯಲ್ಲಿ ತಮ್ಮ ಶಾಲೆಯ ಮಗು ಕಂಡ ಕೂಡಲೇ ಸ್ಟೇರಿಂಗ್ ಬಿಟ್ಟು ಕೈ ಬೀಸುತ್ತಾರೆ. ಎರಡನೇ ಸಲ ಇನ್‌ಸ್ಪೆಕ್ಟರ್ ಪಕ್ಕದಲ್ಲಿದ್ದಾಗಲೂ ಬೀಸಿದರು.

ಮಂಗಳವಾರ ಮಾರ್ಕೆಟ್ ರಸ್ತೆಯಲ್ಲಿ ಹೋಗುವಾಗ ಮೆಲ್ಲಗೆ ಎತ್ತಿದೆ. "ಮೇಡಂ, ನಮ್ಮ ಯಜಮಾನರು ನಿಮ್ಮ ಮಕ್ಕಳ ಕಣ್ಣು ನೋಡ್ತಾರಂತೆ. ಪುಕ್ಕಟೆ. ಕನ್ನಡಿ ನೋಡ್ಕೊಳ್ಳಿ, ಹಿಂದೆ ಲಾರಿ ಇದೆ."

"ನೋಡಿದೆ ಗುರುಗಳೇ." ನನಗಿಂತ ಹದಿನೈದು ವರ್ಷ ದೊಡ್ಡವರು, ಕಾರು ಹತ್ತಿದರೆ ನನ್ನನ್ನು ಗುರುಗಳೇ ಅನ್ನುತ್ತಾರೆ. "ಕಣ್ಣು ನೋಡೋಕೆ ಬರ್ತಾರೋ, ಶಾಲೆ ನೋಡೋಕೋ?"

ನಾನು ಗೇರಿನ ಕಡೆ ನೋಡುತ್ತಾ ಕೂತೆ.

"ನಿಮ್ಮ ಮನೆ ಕಿಟಕಿ ನನ್ನ ರೂಮಿಗೆ ಕಾಣುತ್ತೆ. ನಿಮ್ಮ ಮಗಳು ದಿನಾ ಗೇಟಿನ ಕಂಬಿ ಹಿಡ್ಕೊಂಡು ನನ್ನ ಮಕ್ಕಳ ಜೊತೆ ಹರಟೆ ಹೊಡೀತಾಳೆ. ಇನ್ನೂ ಅಡ್ಮಿಷನ್ ಕೇಳೋಕೆ ಬಂದಿಲ್ಲ ಅಂದ್ರೆ ಮನೇಲಿ ಮಾತುಕತೆ ನಡೀತಿದೆ ಅಂತ ತಾನೇ ಅರ್ಥ?"

"ಎರಡೂ ನೋಡೋಕೆ ಬರ್ತಾರೆ ಮೇಡಂ" ಅಂದೆ. ಸಿಕ್ಕಿಬಿದ್ದ ಮೇಲೆ ಸುಳ್ಳು ಯಾಕೆ?

"ಬರಲಿ. ಅವರಿಗೆ ಶಾಲೆ ಹಿಡಿಸಿದರೂ ಹಿಡಿಸದಿದ್ದರೂ ನನ್ನ ಮಕ್ಕಳ ಕಣ್ಣಂತೂ ಯಾರೋ ನೋಡಿದ ಹಾಗಾಗುತ್ತೆ. ನಾಡಿದ್ದೇ ಬರಲಿ" ಎಂದರು, ಹಾಗೇ ಎಡಗಡೆ ಯಾರಿಗೋ ಕೈ ಬೀಸಿದರು. ನಾನು ನನ್ನ ಕಡೆಯ ಬ್ರೇಕ್ ಒತ್ತಿದೆ.

ಗುರುವಾರ ಬೆಳಿಗ್ಗೆ ಸಾಮಾನೆಲ್ಲ ಹೊತ್ತುಕೊಂಡು ರಸ್ತೆ ದಾಟಿದೆವು. ರೇಡಿಯೋವನ್ನೂ ಕರೆದುಕೊಂಡು ಹೋಗಬೇಕಾಯಿತು, ಅವಳ ಶಿಶುವಿಹಾರಕ್ಕೆ ರಜ. ದೊಡ್ಡ ಹಾಲ್ ಒಂದರಲ್ಲಿ ಇವರು ಗೋಡೆಗೆ ಅಕ್ಷರದ ಹಲಗೆ ಅಂಟಿಸಿದರು. ಮೇಲೆ ದೊಡ್ಡ ಅಕ್ಷರ, ಕೆಳಗೆ ಹೋದಷ್ಟೂ ಸಣ್ಣದು. ಮಗು ಗೆರೆಯ ಮೇಲೆ ನಿಲ್ಲಬೇಕು, ಒಂದು ಕಣ್ಣಿಗೆ ಕರಿ ತಟ್ಟೆ ಅಡ್ಡ ಹಿಡಿದು ಓದಬೇಕು. ಉಳಿದವರ ಸಾಲು ಬಾಗಿಲಾಚೆ ಪಡಸಾಲೆಯಲ್ಲಿ. ನನಗೆ ಒಳಗಿನಿಂದಲೇ ಬಾಗಿಲು ಅರೆ ತೆರೆದು ಒಬ್ಬೊಬ್ಬರನ್ನೇ ಬಿಡುವ ಕೆಲಸ. ರೇಡಿಯೋಗೆ ಪಡಸಾಲೆಯ ಬೆಂಚಿನಲ್ಲಿ ತೆಪ್ಪಗೆ ಕೂರುವ ಕೆಲಸ.

ಮೊದಲು ಬಂದವಳು ಅಕ್ಷರ ನೋಡಿದಳು, ನನ್ನನ್ನು ನೋಡಿದಳು, ತುಟಿ ಬಿಚ್ಚಲಿಲ್ಲ. ಎರಡನೆಯವನು ಒಂದು ಅಕ್ಷರ ಹೇಳಿ ನಿಂತ. ಮೂರನೆಯವನು ತನ್ನ ಭಾಷೆಯಲ್ಲಿ ಏನೋ ದೀರ್ಘವಾಗಿ ಹೇಳಿದ, ದನಿ ನೋಡಿದರೆ ಮನೆಯವರ ಆರೋಗ್ಯ ವಿಚಾರಿಸುತ್ತಿದ್ದ ಹಾಗಿತ್ತು. ಇವರು ನನ್ನ ಕಡೆ ಹುಬ್ಬೆತ್ತಿದರು. ನೋಡಿದೆಯಾ ಎಂದು ಅದರರ್ಥ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡಿದ್ದ ಮೇಡಂ ಆ ಹುಬ್ಬನ್ನೂ ನೋಡಿದರು.

ಆಮೇಲೆ ಏನಾಯಿತೋ, ಮಕ್ಕಳು ಓದತೊಡಗಿದರು. ಆರನೆಯವಳು ಅರ್ಧ ಹಲಗೆ ಓದಿದಳು. ಎಂಟನೆಯವನು ಕೊನೆಯ ಸಾಲಿನವರೆಗೂ ಹೋದ. ಅದಾದ ಮೇಲೆ ಬಂದವರೆಲ್ಲ ಹಲಗೆಯ ತುದಿಯಿಂದ ಬುಡದವರೆಗೆ ಎಲ್ಲೂ ತಡವರಿಸದೆ, ಒಂದೇ ರಾಗದಲ್ಲಿ ಓದಿದರು. ಪಡಸಾಲೆಯಿಂದ ಸಣ್ಣಗೆ ಹಾಡಿನ ಹಾಗೆ ಕೇಳುತ್ತಿತ್ತು. ಕಾಯುವ ಮಕ್ಕಳು ಹಾಡಿಕೊಳ್ಳುತ್ತಿವೆ ಎಂದುಕೊಂಡೆ.

"ಪರವಾಗಿಲ್ವೇ" ಎಂದರು ಇವರು, ನನಗಷ್ಟೇ ಕೇಳುವ ಹಾಗೆ. "ಕಣ್ಣೂ ಚುರುಕು, ಅಕ್ಷರವೂ ಚುರುಕು."

ಆಗ ಎರಡು ಜಡೆಯ ಹುಡುಗಿಯೊಬ್ಬಳು ಬಂದಳು. ಈ ಊರಿಗೆ ಬಂದು ಒಂದು ವಾರವಾಗಿದೆ, ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುವುದಕ್ಕೂ ಬಾರದು ಎಂದು ಮೇಡಂ ಮೊದಲೇ ಹೇಳಿದ್ದರು. ಅವಳು ಗೆರೆಯ ಮೇಲೆ ನಿಂತು ಶುರು ಮಾಡಿದಳು. ಅಷ್ಟರಲ್ಲಿ ಅಂಟು ಬಿಟ್ಟು ಹಲಗೆ ದಡಕ್ಕನೆ ಕೆಳಗೆ ಬಿತ್ತು. ಇವರು ಬಗ್ಗಿ ಎತ್ತಿಕೊಂಡರು. ಹುಡುಗಿ ನಿಲ್ಲಿಸಲಿಲ್ಲ. ಖಾಲಿ ಗೋಡೆಯನ್ನೇ ನೋಡುತ್ತಾ ಒಂದೂ ಅಕ್ಷರ ತಪ್ಪದೆ ಕೊನೆಯ ಸಾಲು ಮುಗಿಸಿ, ಕಣ್ಣಿನ ತಟ್ಟೆ ಕೆಳಗಿಳಿಸಿ, ಮುಗಿಯಿತು ಎಂಬಂತೆ ನಮಗೆಲ್ಲ ತಲೆಬಾಗಿದಳು.

ಮೇಡಂ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡರು. ಇವರು ಹಲಗೆ ಕಂಕುಳಲ್ಲಿಟ್ಟುಕೊಂಡು ಪಡಸಾಲೆಗೆ ನುಗ್ಗಿದರು, ಹಿಂದೆ ನಾನು.

ಅಲ್ಲಿ ಸಾಲು ಎಂಬುದೇ ಇರಲಿಲ್ಲ. ಬೆಂಚಿನ ಮೇಲೆ ನಮ್ಮ ರೇಡಿಯೋ ನಿಂತಿದ್ದಳು. ಸುತ್ತ ಇಡೀ ತರಗತಿ ನೆರೆದಿತ್ತು. ಅವಳು ಒಂದು ಅಕ್ಷರ ಹೇಳಿ ಕೈಯಲ್ಲಿ ಅದರ ಆಕಾರ ಮಾಡಿ ತೋರಿಸುವುದು, ಮುಂದಿನವರು ತಮ್ಮ ತಮ್ಮ ಮಾತಿನಲ್ಲಿ ಹಿಂದಿನವರಿಗೆ ದಾಟಿಸುವುದು, ಆಮೇಲೆ ಎಲ್ಲರೂ ಒಟ್ಟಿಗೆ ರಾಗ ಎಳೆಯುವುದು. ಅಪ್ಪನ ಅಂಗಡಿಯಲ್ಲೇ ಅಂಬೆಗಾಲಿಟ್ಟವಳು, ಆ ಹಲಗೆ ಅವಳಿಗೆ ನಿದ್ದೆಯಲ್ಲೂ ಬಾಯಿಪಾಠ.

"ಏನೇ ಇದು?" ಎಂದರು ಅವಳಪ್ಪ.

"ಅವರಿಗೆ ಬರ್ತಿರಲಿಲ್ಲ ಅಪ್ಪ. ಪಾಪ, ಒಳಗೆ ಹೋಗಿ ಸುಮ್ನೆ ನಿಂತ್ಕೋತಿದ್ರು. ಈಗ ಎಲ್ಲರಿಗೂ ಬರುತ್ತೆ. ಕೇಳು ಬೇಕಾದ್ರೆ."

ಬೇಡ ಎನ್ನುವಷ್ಟರಲ್ಲಿ ಇಡೀ ಪಡಸಾಲೆ ಹಲಗೆಯನ್ನು ಹಾಡಿತು.

"ನನ್ನ ಮಕ್ಕಳು ಇಷ್ಟು ಬೇಗ ಏನನ್ನೂ ಕಲಿತಿಲ್ಲ. ಈ ಟೀಚರಿಗೆ ಯಾವತ್ತಿಂದ ಬರೋಕಾಗುತ್ತಂತೆ?" ಅಂದರು ಮೇಡಂ.

ಇವರಿಗೆ ಹೆಮ್ಮೆಯೂ ಆಗಿತ್ತು, ಇರುಸುಮುರುಸೂ ಆಗಿತ್ತು. ನನ್ನನ್ನು ಪಕ್ಕಕ್ಕೆ ಕರೆದು, "ನೋಡು, ಇದೇ ನನ್ನ ಭಯ. ಇವಳು ಇಲ್ಲಿ ಹೇಳಿಕೊಡ್ತಾಳೆ, ಸರಿ. ಇವಳಿಗೆ ಹೇಳಿಕೊಡೋರು ಯಾರು? ವರ್ಷವಿಡೀ ಬೆಂಚಿನ ಮೇಲೇ ನಿಂತಿರ್ತಾಳೆ" ಅಂದರು. ತೀರ್ಮಾನ ಗುಡ್ಡದ ಶಾಲೆಯ ಕಡೆ ಹೊರಳಿತು ಎಂದೇ ನನಗನಿಸಿತು.

ಆದರೆ ಅಂದಿನ ಕೆಲಸ ಕೆಟ್ಟಿತ್ತಲ್ಲ, ಅದನ್ನು ಸರಿಮಾಡದೆ ಹೋಗುವವರಲ್ಲ ನನ್ನ ಗಂಡ. ಎಲ್ಲರಿಗೂ ಬಾಯಿಪಾಠವಾದ ಹಲಗೆಯಿಂದ ಯಾರ ಕಣ್ಣು ಹೇಗಿದೆ ಎಂದು ತಿಳಿಯುವುದು ಹೇಗೆ?

"ನಾವಿಲ್ಲಿ ಬಾಯಿ ನಂಬಿ ಕೂರಲ್ಲ" ಎಂದರು ಮೇಡಂ. "ಗೊತ್ತಾಯ್ತಾ ಅಂತ ಕೇಳಿದ್ರೆ ಎಲ್ಲಾ ಮಕ್ಕಳೂ ಹೂಂ ಅಂತಾರೆ, ಮರ್ಯಾದೆಗೆ. ಅದಕ್ಕೇ ತೋರಿಸು ಅಂತೀವಿ. ನಿಮ್ಮ ಹತ್ರ ತೋರಿಸೋ ಅಂಥದ್ದು ಏನಾದ್ರೂ ಇಲ್ವಾ?"

ಇತ್ತು. ಓದು ಬಾರದವರಿಗೆಂದು ಚೀಲದ ತಳದಲ್ಲಿ ಇನ್ನೊಂದು ಹಲಗೆ ಇಟ್ಟಿರುತ್ತಾರೆ. ಅದರ ತುಂಬ ಒಂದೇ ಗುರುತು, ಮೂರು ಹಲ್ಲಿನ ಬಾಚಣಿಗೆಯ ಹಾಗೆ. ಹಲ್ಲು ಒಂದು ಕಡೆ ಮೇಲಕ್ಕೆ, ಒಂದು ಕಡೆ ಕೆಳಕ್ಕೆ, ಎಡಕ್ಕೆ, ಬಲಕ್ಕೆ. ಹಲ್ಲು ಎತ್ತ ಕಡೆಗಿದೆಯೋ ಅತ್ತ ಕೈ ತೋರಿಸಿದರೆ ಸಾಕು. ಭಾಷೆಯೇ ಬೇಡ.

ಮತ್ತೆ ಮೊದಲಿಂದ ಶುರುವಾಯಿತು. ಈಗ ಕೆಲಸ ಸರಾಗ. ಮಕ್ಕಳು ಕೈ ಬೀಸಿದ್ದೇ ಬೀಸಿದ್ದು, ಪೊಲೀಸಿನವರು ಚೌಕದಲ್ಲಿ ನಿಂತ ಹಾಗೆ. ಹಾಡಿ ತಪ್ಪಿಸಿಕೊಂಡಿದ್ದ ಇಬ್ಬರು ಸಿಕ್ಕಿಬಿದ್ದರು. ಎರಡು ಜಡೆಯವಳ ಕಣ್ಣು ಹದ್ದಿನ ಕಣ್ಣು. ಎಲ್ಲ ಮುಗಿಯಿತು ಎನ್ನುವಾಗ ರೇಡಿಯೋ ಬಂದು ಗೆರೆಯ ಮೇಲೆ ನಿಂತಳು.

"ನಂಗೂ."

"ನಿಂದು ಅಂಗಡೀಲಿ ಎಷ್ಟು ಸಲ ನೋಡಿಲ್ಲ? ಕೊನೆ ಸಾಲೂ ಓದ್ತೀಯ" ಎಂದರು ಅವಳಪ್ಪ, ಹಲಗೆ ತೆಗೆಯುತ್ತಾ.

"ಎಲ್ಲರಿಗೂ ಮಾಡಿದೆ. ನಂಗೂ ಮಾಡು."

ಸರಿ, ಮಾಡಿದರು. ಮೇಲಿನ ದೊಡ್ಡ ಗುರುತಿಗೆ ಸರಿಯಾಗಿ ಕೈ ತೋರಿಸಿದಳು. ಎರಡನೆಯ ಸಾಲಿಗೆ ತಡೆದು ತಡೆದು ತೋರಿಸಿದಳು. ಮೂರನೆಯದಕ್ಕೆ ಹಲ್ಲು ಎಡಕ್ಕಿದ್ದರೆ ಅವಳು ಮೇಲೆ ತೋರಿಸಿದಳು. ಆಮೇಲೆ ಬಲಕ್ಕೆ. ಆಮೇಲೆ ನನ್ನ ಮುಖ ನೋಡಿದಳು.

"ಆಟ ಆಡಬೇಡ ಪುಟ್ಟಿ, ಊಟದ ಹೊತ್ತಾಯ್ತು" ಎಂದರು ಇವರು.

ಮೇಡಂ ಕುರ್ಚಿಯಿಂದ ಎದ್ದು ಬಂದು ಮಗುವಿನ ಪಕ್ಕ ಮಂಡಿಯೂರಿದರು. ಅವಳ ಮುಖವನ್ನೇ ಒಂದು ಗಳಿಗೆ ನೋಡಿದರು. "ಆಟ ಅಲ್ಲ ಸರ್. ನೋಡಿ, ಕಣ್ಣು ಕಿರಿದು ಮಾಡ್ತಿದ್ದಾಳೆ. ಗೊತ್ತಾಗದೆ ಇದ್ದಾಗ ನನ್ನ ಮಕ್ಕಳೂ ಹೀಗೇ ದೊಡ್ಡವರ ಮುಖದಲ್ಲಿ ಉತ್ತರ ಹುಡುಕ್ತಾರೆ."

ಗುರುತು ತೋರಿಸಲು ಇವರು ಹಿಡಿದಿದ್ದ ಕೋಲು ಹಾಗೇ ನಿಂತಿತು. ಊರಿನವರ ಕಣ್ಣೆಲ್ಲ ನೋಡುವ ಮನುಷ್ಯ. ಮಗಳು ಹಲಗೆಯ ಮುಂದೆ ನಿಂತಾಗಲೆಲ್ಲ ಅಕ್ಷರ ಪಟಪಟನೆ ಹೇಳುತ್ತಾಳಲ್ಲ ಎಂದು ಹಿಗ್ಗಿದ್ದರು, ಗಿರಾಕಿಗಳನ್ನು ಕರೆದು ಕೇಳಿಸಿದ್ದರು. ಅವಳು ನೋಡಿ ಹೇಳುತ್ತಿದ್ದಾಳೋ ನೆನಪಿನಿಂದಲೋ ಎಂಬ ಯೋಚನೆಯೇ ಬಂದಿರಲಿಲ್ಲ. ನಾನೇನು ಕಡಿಮೆ? ದಾರಿಯಲ್ಲಿ ಅದೇನಮ್ಮ, ಅಲ್ಲಿ ಯಾರಮ್ಮ, ಅಲ್ಲಿ ಏನು ಬರೆದಿದೆಯಮ್ಮ ಎಂದು ಅವಳು ಪ್ರಾಣ ತಿನ್ನುತ್ತಿದ್ದಾಗ ಎಷ್ಟು ಚೂಟಿ ಹುಡುಗಿ ಎಂದುಕೊಂಡೆನೇ ಹೊರತು, ಕಾಣದೆ ಕೇಳುತ್ತಿದ್ದಾಳೆ ಎಂದುಕೊಳ್ಳಲಿಲ್ಲ.

ಇವರು ಚೀಲದಿಂದ ಪರೀಕ್ಷೆಯ ಫ್ರೇಮ್ ತೆಗೆದು ಅವಳ ಮೂಗಿನ ಮೇಲೆ ಇಟ್ಟರು. ದೊಡ್ಡವರ ಅಳತೆಯದು, ಕಿವಿಯಿಂದ ಜಾರುತ್ತಿತ್ತು. ನಾನು ಹಿಂದಿನಿಂದ ಹಿಡಿದುಕೊಂಡೆ. ಒಂದು ಲೆನ್ಸ್ ಹಾಕಿದರು, ತೆಗೆದರು, ಇನ್ನೊಂದು ಹಾಕಿದರು. ಮೂರನೆಯ ಜೊತೆ ಕೂರಿಸಿದಾಗ ನಮ್ಮ ರೇಡಿಯೋ ನಿಂತುಹೋಯಿತು. ಅವಳು ಎಚ್ಚರವಿದ್ದೂ ಸುಮ್ಮನಿದ್ದದ್ದನ್ನು ನಾನು ಅವತ್ತೇ ನೋಡಿದ್ದು.

ಗೋಡೆ ನೋಡಿದಳು. ಬಾಗಿಲಲ್ಲಿ ಗುಂಪುಗೂಡಿದ್ದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ನಿಧಾನವಾಗಿ ಅಂದಳು: "ಅಪ್ಪ, ಆ ಹಿಂದಿರೋ ಹುಡುಗೀಗೆ ಹಲ್ಲು ಬಿದ್ದಿದೆ. ಅವಳು ನನ್ನ ನೋಡಿ ನಗ್ತಿದ್ದಾಳೆ."

ಇವರು ಹಲಗೆ ತೆಗೆಯುವ ನೆಪದಲ್ಲಿ ಗೋಡೆಯ ಕಡೆ ತಿರುಗಿಕೊಂಡರು.

ಮಧ್ಯಾಹ್ನ ಊಟಕ್ಕೆ ಕೂತರೂ ಯಾರ ತುತ್ತೂ ಬಾಯಿಗೆ ಹೋಗಲಿಲ್ಲ. ಬೇಸರದಿಂದಲ್ಲ, ತಡೆಯಲಾರದ ಸಡಗರ. ಅವಳಿಗೆ ಇಷ್ಟು ದಿನ ಏನೇನು ಕಂಡಿಲ್ಲ, ಇನ್ನು ಏನೇನು ಕಾಣುತ್ತದೆ ಎಂಬ ಮಾತೇ ಮಾತು. ಇವರು ಅರ್ಧ ಊಟಕ್ಕೇ ಎದ್ದರು. "ಲೆನ್ಸ್ ಇವತ್ತೇ ಉಜ್ಜಿಬಿಡ್ತೀನಿ. ಸಂಜೆಗೆ ಕನ್ನಡಕ ರೆಡಿ" ಎಂದವರು ಬಾಗಿಲಲ್ಲಿ ನಿಂತು, "ಗುಡ್ಡದ ಸೀಟು ಬೇಡ ಅಂತ ಹೇಳಿಬಿಡಲಾ?" ಅಂದರು.

ನಾನು ತಕ್ಷಣ ಹೂಂ ಅನ್ನಲಿಲ್ಲ. ಉದ್ವೇಗದಲ್ಲಿ ಗಾಡಿ ತಿರುಗಿಸಬಾರದು ಎಂದು ದಿನವೂ ಹೇಳಿಕೊಡುವವಳು ನಾನು. "ಕನ್ನಡಕ ಹಾಕ್ಕೊಂಡ್ರೆ ಗುಡ್ಡದ ಶಾಲೇಲೂ ಬೋರ್ಡ್ ಕಾಣುತ್ತೆ. ಅಲ್ಲಿರೋರೂ ಒಳ್ಳೆಯವರೇ. ಬರೀ ಇದೊಂದಕ್ಕೇ ಬೇಡ ಅನ್ನಬೇಡಿ" ಅಂದೆ.

"ಇದೊಂದಕ್ಕೇ ಅಲ್ಲ" ಅಂದರು. "ಅಲ್ಲಿ ಇವಳು ಬಾಯಿ ಬಿಟ್ಟಳು, ಅವರು ಸೀಟು ಕೊಟ್ಟರು. ಅವರದೇನೂ ತಪ್ಪಿಲ್ಲ, ನಾನು ಅಪ್ಪನಾಗಿ ಅದನ್ನೇ ಮಾಡಿದೆ. ಇವಳ ಮಾತು ಕೇಳಿದ್ರೆ ಯಾರಿಗೂ ಇನ್ನೇನೂ ಕೇಳಬೇಕು ಅನ್ಸಲ್ಲ. ಎಲ್ಲಾ ಬರುತ್ತೆ ಅಂದ್ಕೊಂಡು ಮುಂದೆ ಹೋಗ್ತಾರೆ. ನಾಳೆ ಲೆಕ್ಕ ಅರ್ಥವಾಗದಿದ್ರೂ ಮಾತಾಡಿ ಮುಚ್ಚಿಬಿಡ್ತಾಳೆ. ಆ ಮೇಡಂ ಒಬ್ಬರು ಅವಳ ಮಾತು ಕೇಳಲಿಲ್ಲ, ಮುಖ ನೋಡಿದ್ರು. ದಿನಾ ಅಂಥ ಮಕ್ಕಳನ್ನ ನೋಡಿ ನೋಡಿ ಬಂದ ಅಭ್ಯಾಸ ಅದು. ನಮ್ಮವಳಿಗೆ ಬೇಕಾಗಿರೋದು ಅದೇ."

ನಾನು ತಟ್ಟೆ ಎತ್ತಿಟ್ಟೆ. "ಹಾಗಾದ್ರೆ ಫೋನ್ ಮಾಡಿ. ಮೊದಲು ಸ್ಕೂಲಿಗೆ, ಆಮೇಲೆ ಅಕ್ಕನಿಗೆ. ತಿರುವುಮುರುವು ಮಾಡಿದ್ರೆ ಅವರು ನಿಮ್ಮ ಮನಸ್ಸು ಬದಲಾಯಿಸಿಬಿಡ್ತಾರೆ."

ಗುಡ್ಡದ ಶಾಲೆಯವರು ಸಂಭಾವಿತರು, ಆಗಲಿ ಅಂದರು. ಮೂಲೆ ಶಾಲೆಯ ಮೇಡಂ ನಾಳೆಯಿಂದಲೇ ಕಳಿಸಿ ಅಂದರು. ಅತ್ತಿಗೆ ಅಷ್ಟು ಸುಲಭವಾಗಿ ಬಿಡಲಿಲ್ಲ.

"ನಿನಗೇನಾದ್ರೂ ತಲೆ ಕೆಟ್ಟಿದೆಯೇನೋ?"

"ಕಣ್ಣು ಕೆಟ್ಟಿತ್ತು ಅಕ್ಕ, ನನ್ನದೇ" ಎಂದು ಇವರು ಇಡೀ ಕಥೆ ಹೇಳಿದರು. ಅಕ್ಕ ಒಂದೊಂದನ್ನೂ ಬಿಡಿಸಿ ಬಿಡಿಸಿ ಕೇಳಿದರು. ಕೊನೆಗೆ, "ನನ್ನ ಚಿಕ್ಕವನೂ ಟಿವಿ ಹತ್ರಾನೇ ಹೋಗಿ ಕೂರ್ತಾನೆ ಕಣೋ. ಆ ಬಾಚಣಿಗೆ ಹಲಗೆ ಇಟ್ಟಿರು, ಭಾನುವಾರ ಬರ್ತೀನಿ" ಅಂದರು. ಶಾಲೆಯ ಬಗ್ಗೆ ಮತ್ತೇನೂ ಅನ್ನಲಿಲ್ಲ. ಒಪ್ಪಿದ್ದಾರೆ ಎಂದೇನೂ ಅಲ್ಲ. ಭಾನುವಾರ ಮುಖಾಮುಖಿ ಹೇಳುತ್ತಾರೆ.

ಸಂಜೆ ಇವರು ಅಂಗಡಿಯಿಂದ ಓಡುತ್ತಲೇ ಬಂದರು. ಸಣ್ಣ ನೀಲಿ ಫ್ರೇಮ್. ಕಿವಿಯ ಹಿಂದೆ ಚುಚ್ಚದ ಹಾಗೆ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿ ತಂದಿದ್ದರು. ಹಾಕಿದ ಮೇಲೆ ಅವಳು ಮನೆಯಲ್ಲಿ ನಿಲ್ಲಲಿಲ್ಲ. ರಸ್ತೆ ದಾಟಿಸಿಕೊಂಡು ಮೂಲೆ ಶಾಲೆಯ ಗೇಟಿಗೆ ಹೋದೆವು. ಬೀಗ ಹಾಕಿತ್ತು. ತರಗತಿಯ ಕಿಟಕಿಗಳಿಗೆ ಮಕ್ಕಳು ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ್ದರು. ಒಂದರಲ್ಲಿ ಮೀನು, ಒಂದರಲ್ಲಿ ಬಸ್ಸು, ಒಂದರಲ್ಲಿ ಏನೆಂದು ನನಗೇ ಗೊತ್ತಾಗಲಿಲ್ಲ.

"ನನ್ನ ಕ್ಲಾಸ್ ಯಾವುದು ಅಪ್ಪ?"

"ಒಂದನೇ ಕ್ಲಾಸಿನ ಕಿಟಕಿಗೆ ಹಳದಿ ಹಕ್ಕಿ ಅಂಟಿಸಿದ್ದಾರಂತೆ. ಎಲ್ಲಿದೆ ನೀನೇ ನೋಡಿ ಹೇಳು" ಎಂದರು ಇವರು.

ಅವಳು ಕಂಬಿಗೆ ಮುಖ ಒತ್ತಿ ಮೊದಲ ಕಿಟಕಿಯಿಂದ ನೋಡುತ್ತಾ ಬಂದಳು. ನಾವಿಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದೆವು, ನಮ್ಮದೇ ಪರೀಕ್ಷೆಯೇನೋ ಎಂಬಂತೆ. ಮಹಡಿಯ ಕೊನೆಯ ಕಿಟಕಿಯ ಹತ್ತಿರ ಅವಳ ಕೈ ಮೇಲಕ್ಕೆ ಹೋಯಿತು.

"ಅಲ್ಲಿ. ಅದಕ್ಕೆ ಒಂದೇ ಕಣ್ಣಿದೆ. ನಾಳೆ ಹೋಗಿ ಇನ್ನೊಂದು ಅಂಟಿಸ್ತೀನಿ."